ಹೋಮ್‌ಸ್ಕೂಲ್ ಮಕ್ಕಳ ನಾಟಕ ತಂಡ: ಹಾಲ್ ಬೇಡ, ಮುಖವಾಡವೂ ಬೇಡ

ನಿಮ್ಮ ಪ್ರಶ್ನೆ ಓದಿ ಮೊದಲು ನಗು ಬಂತು, ಆಮೇಲೆ ಹೊಟ್ಟೆಯಲ್ಲಿ ಸಂಕಟ ಆಯ್ತು. ಬೆಂಗಳೂರಿನ ಮನೆಯಲ್ಲಿ ಹನ್ನೆರಡು ಹೋಮ್‌ಸ್ಕೂಲ್ ಮಕ್ಕಳ ರಿಹರ್ಸಲ್. ಮಧ್ಯೆ ಪೈಪ್ ಒಡೆಯೋದು, ವಾಷಿಂಗ್ ಮಷಿನ್ ಕೈಕೊಡೋದು, ಮಾವನವರ ನಿದ್ದೆ ಹಾಳಾಗೋದು. ಅದಕ್ಕೇ ಒಂದು ಹಾಲ್ ಬಾಡಿಗೆಗೆ ಹಿಡಿದು, ಡ್ರೆಸ್ಸು, ಮುಖವಾಡ ಎಲ್ಲ ಮೊದಲೇ ಮಾಡಿಟ್ಟುಕೊಂಡು ಶಿಸ್ತಾಗಿ ಶುರು ಮಾಡಲಾ ಅಂತ ಕೇಳಿದ್ದೀರಿ. ಬೇಡ. ನಾನು ಅದನ್ನೇ ಮಾಡಿದ್ದೆ.

ನಾವಿರೋದು ಮೈಸೂರಿನಲ್ಲಿ. ನನ್ನ ಮಗ, ಮಗಳು ಇಬ್ಬರೂ ಶಾಲೆಗೆ ಹೋಗದೆ ಮನೆಯಲ್ಲೇ ಕಲಿಯುತ್ತಿದ್ದರು. ಅಂಥದೇ ನಾಲ್ಕಾರು ಮನೆಯವರು ವಾರಕ್ಕೊಮ್ಮೆ ಸೇರುತ್ತಿದ್ದೆವು. ನಮ್ಮ ಮನೆಯ ಹಜಾರ ದೊಡ್ಡದು ಅನ್ನುವ ಒಂದೇ ಕಾರಣಕ್ಕೆ ನಾಟಕದ ಜವಾಬ್ದಾರಿ ನನ್ನ ತಲೆಗೆ ಬಂತು. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಆರಿಸಿಕೊಂಡೆವು. ಈ ಆಯ್ಕೆ ಬಗ್ಗೆ ಮಾತ್ರ ನನಗೆ ಇವತ್ತಿಗೂ ಬೇಸರ ಇಲ್ಲ. ಬ್ರೌನಿಂಗ್‌ನ ಇಂಗ್ಲಿಷ್ ಪದ್ಯದ ಕಥೆಯನ್ನು ಕುವೆಂಪು ತುಂಗಾ ತೀರಕ್ಕೆ ತಂದು ಕೂರಿಸಿದ್ದಾರೆ. ಅದರಲ್ಲಿ ಇಲಿಗಳಿವೆ, ಊರವರಿದ್ದಾರೆ, ಜೋಗಿಯ ಹಿಂದೆ ಹೋಗುವ ಮಕ್ಕಳಿದ್ದಾರೆ. ಎಂಟು ಜನ ಬಂದರೂ ನಡೆಯುತ್ತೆ, ಇಪ್ಪತ್ತು ಜನ ಬಂದರೂ ನಡೆಯುತ್ತೆ.

ನಮ್ಮಂಥ ತಂಡಕ್ಕೆ ಇದು ಬಹಳ ಮುಖ್ಯ. ಶಾಲೆಯವರಿಗೆ ಹಾಜರಿ ಪುಸ್ತಕ ಇದೆ, ನಮಗಿಲ್ಲ. ಎಲ್ಲರ ಮಕ್ಕಳೂ ಶಾಲೆಯಲ್ಲಿರುವಾಗ ರೈಲು ಟಿಕೆಟ್ ಸುಲಭವಾಗಿ ಸಿಗುತ್ತೆ ಅಂತ ಯಾವುದೋ ಒಂದು ಕುಟುಂಬ ಇಡೀ ತಿಂಗಳು ಊರು ಸುತ್ತಲು ಹೊರಟುಬಿಡುತ್ತೆ. ಅವರನ್ನು ಬೈಯೋಕೂ ಆಗಲ್ಲ, ಆ ಸ್ವಾತಂತ್ರ್ಯಕ್ಕೆ ಅಂತಲೇ ತಾನೆ ನಾವೆಲ್ಲ ಶಾಲೆ ಬಿಡಿಸಿದ್ದು. ಒಂದು ಇಲಿ ಕಮ್ಮಿಯಾದರೆ ಯಾರೂ ಎಣಿಸಲ್ಲ. ಅದೇ ರಾಜಕುಮಾರಿಯ ಕಥೆ ಆಗಿದ್ದು, ಆ ಪಾತ್ರದವಳೇ ಕೇರಳಕ್ಕೆ ಹೋದರೆ ನಾಟಕವೇ ನಿಂತುಹೋಗುತ್ತೆ.

ತಪ್ಪಾಗಿದ್ದು ಎಲ್ಲಿ ಅಂದರೆ, ನಾನು ಮುಖವಾಡದಿಂದ ಶುರು ಮಾಡಿದೆ. ಇದನ್ನು ಪೂರ್ತಿ ಹೇಳಲೇಬೇಕು, ಉದ್ದ ಆದರೆ ಸಹಿಸಿಕೊಳ್ಳಿ.

ಸಣ್ಣ ಮಕ್ಕಳಿಗೆ ಕೈಕೆಲಸ ಇಷ್ಟ. ಅಪ್ಪ ಅಮ್ಮಂದಿರಿಗೂ ಏನೋ ಕಲೀತಿದ್ದಾರೆ ಅಂತ ಸಮಾಧಾನ. ಹಾಗಾಗಿ ಬಲೂನ್ ಊದಿ, ಅದರ ಮೇಲೆ ಹಳೇ ಪೇಪರ್ ಚೂರುಗಳನ್ನು ಮೈದಾ ಅಂಟಿನಲ್ಲಿ ಪದರ ಪದರವಾಗಿ ಮೆತ್ತಿದೆವು. ಒಂದು ಪದರ ಒಣಗಿದ ಮೇಲೆ ಇನ್ನೊಂದು. ಆಷಾಢದ ಮೋಡದಲ್ಲಿ ಅದು ಒಣಗಬೇಕಲ್ಲ! ಕಿವಿಗೆ ಹಳೇ ಲಗ್ನಪತ್ರಿಕೆ, ಮೀಸೆಗೆ ಪೊರಕೆ ಕಡ್ಡಿ. ನೋಡೋಕೆ ಎಷ್ಟು ಚೆನ್ನಾಗಿತ್ತು ಅಂತೀರಿ. ರಿಹರ್ಸಲ್ ಅಂತ ಬಂದ ಮಕ್ಕಳು ಕೈಗೆಲ್ಲ ಅಂಟು ಮಾಡಿಕೊಂಡು ಮನೆಗೆ ಹೋಗುತ್ತಿದ್ದರು. ವಾರಗಟ್ಟಲೆ ಇದೇ ನಡೆಯಿತು. ಪದ್ಯ ಒಬ್ಬರಿಗೂ ಬಾಯಿಗೆ ಬಂದಿರಲಿಲ್ಲ. ಮುಖವಾಡ ಹಾಕಿದ ಮೇಲೆ ನಟನೆ ತಾನಾಗೇ ಬರುತ್ತೆ ಅಂತ ನಾನು ಗಟ್ಟಿಯಾಗಿ ನಂಬಿದ್ದೆ.

ಒಂದು ದಿನ ಈ ಗಡಿಬಿಡಿಯಲ್ಲಿ ಸಂಪಿನ ಮೋಟರ್ ಹಾಕಿ ಮರೆತೆ. ಪಕ್ಕದ ಮನೆಯವರು ಗೇಟು ಬಡಿದು, ‘ನಿಮ್ ಟ್ಯಾಂಕ್ ತುಂಬಿ ಹರೀತಿದೆ ಕಣ್ರೀ’ ಅನ್ನುವ ಹೊತ್ತಿಗೆ ನೀರು ತಾರಸಿಯ ಬಿರುಕಿನಿಂದ ಒಳಗಿಳಿದಿತ್ತು. ಇಳಿದಿದ್ದೂ ಸರಿಯಾಗಿ ಮುಖವಾಡ ಇಟ್ಟಿದ್ದ ಅಟ್ಟಕ್ಕೇ. ಒದ್ದೆಯಾದದ್ದು ಒಣಗಲಿ ಅಂತ ಎಲ್ಲವನ್ನೂ ಹಿತ್ತಲಿನ ಶೆಡ್ಡಿನಲ್ಲಿ ಹರಡಿದೆವು. ಬೆಳಿಗ್ಗೆ ಹೋಗಿ ನೋಡಿದರೆ ನಿಜವಾದ ಇಲಿಗಳು ಬಂದು ನಮ್ಮ ಇಲಿಗಳನ್ನು ತಿಂದಿದ್ದವು. ಮೈದಾ ಅಂದಮೇಲೆ ಅವಕ್ಕೆ ಊಟವೇ ಅಲ್ವಾ? ಮೂಗು, ಕೆನ್ನೆ ಎಲ್ಲ ಕೊರೆದಿದ್ದವು. ಪೊರಕೆ ಕಡ್ಡಿ ಮಾತ್ರ ಬಿಟ್ಟಿದ್ದವು.

ಅಂಟಿಗೆ ಮೈಲುತುತ್ತ ಬೆರೆಸಬೇಕಿತ್ತು ಅಂತ ಆಮೇಲೆ ಎಲ್ಲರೂ ಬುದ್ಧಿ ಹೇಳಿದರು. ಗೋಡೆಗೆ ಪೋಸ್ಟರ್ ಅಂಟಿಸೋರು ಬೆರೆಸ್ತಾರೆ, ನಿಜ. ಆದರೆ ಅದು ವಿಷ. ಮಕ್ಕಳು ಮುಖಕ್ಕೆ ಹಾಕಿಕೊಳ್ಳೋ ವಸ್ತುವಿನ ಹತ್ತಿರವೂ ಅದನ್ನು ತರಬೇಡಿ. ನಮ್ಮತ್ತೆ ಹೇಳಿದ್ದು ಬೇರೆ. ಹಿಂದೆ ಕಾಗದ ನೆನೆಸಿ ರುಬ್ಬಿ ಬುಟ್ಟಿ ಮಾಡುವಾಗ ಹುಳ ಬರದಿರಲಿ ಅಂತ ಮೆಂತ್ಯ ಸೇರಿಸುತ್ತಿದ್ದರಂತೆ. ಇರಲಿ, ನನ್ನ ತೊಂದರೆ ಅಂಟಿನದಾಗಿರಲಿಲ್ಲ. ಅದು ಗೊತ್ತಾಗಿದ್ದು ಮುಂದಿನ ಭೇಟಿಯಲ್ಲಿ. ಬನ್ನಿ, ಮುಖವಾಡ ಇಲ್ಲದೆ ಹಾಗೇ ಮಾಡೋಣ ಅಂದೆ. ಮಕ್ಕಳು ಗೋಡೆಗೆ ಒರಗಿ ನಿಂತರು. ‘ಮುಖವಾಡ ಇಲ್ದೆ ನಾನು ಇಲಿ ಅಂತ ಹೇಗೆ ಗೊತ್ತಾಗುತ್ತೆ ಆಂಟಿ?’ ಅಂತ ಒಬ್ಬಳು ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಅವರಿಗೆ ಇಲಿಯಾಗೋದನ್ನು ಕಲಿಸಿಯೇ ಇರಲಿಲ್ಲ, ಇಲಿಯ ತಲೆ ಮಾಡೋದನ್ನು ಕಲಿಸಿದ್ದೆ. ನಾಟಕ ಅಂತ ನಮ್ಮ ಹತ್ತಿರ ಇದ್ದದ್ದೆಲ್ಲ ಅಟ್ಟದ ಮೇಲಿತ್ತು. ನೀರು ಬಂದ ದಿನ ಅದೂ ಹೋಯಿತು.

ಪ್ರದರ್ಶನ ರದ್ದಾಯಿತು. ಹಾಲ್‌ಗೆ ಕೊಟ್ಟಿದ್ದ ಅಡ್ವಾನ್ಸ್ ವಾಪಸ್ ಬರಲಿಲ್ಲ. ಅದನ್ನು ಎಲ್ಲ ಮನೆಯವರೂ ಹಂಚಿಕೊಂಡು ಕೊಟ್ಟಿದ್ದೆವು, ಹಾಗಾಗಿ ಮಾತು ಬೆಳೆಯಿತು. ಎರಡು ಕುಟುಂಬಗಳು ತಂಡ ಬಿಟ್ಟವು. ಅದರಲ್ಲಿ ಒಬ್ಬರು ಮಾರ್ಕೆಟ್ಟಿನಲ್ಲಿ ಎದುರಿಗೆ ಸಿಕ್ಕರೆ ಈಗಲೂ ತರಕಾರಿ ಕಡೆ ನೋಡ್ತಾರೆ.

ಇನ್ನೊಂದು ವಿಷಯ ಆಗ ಹೊಳೆದಿರಲಿಲ್ಲ. ಮುಖಪೂರ್ತಿ ಮುಚ್ಚುವ ಮುಖವಾಡದ ಒಳಗಿಂದ ಮಾತು ಕೇಳೋದೇ ಇಲ್ಲ. ಸೋಮನ ಕುಣಿತದಲ್ಲಿ ಅಷ್ಟು ದೊಡ್ಡ ಮುಖವಾಡ ಇರುತ್ತೆ, ಅಲ್ಲಿರೋದು ಕುಣಿತ, ಮಾತುಗಾರಿಕೆ ಅಲ್ಲ. ಯಕ್ಷಗಾನದಲ್ಲಿ ರಾತ್ರಿಯಿಡೀ ಅರ್ಥ ಹೇಳಬೇಕು, ಅದಕ್ಕೆ ಮುಖಕ್ಕೇ ಬಣ್ಣ ಬಳಿದುಕೊಳ್ತಾರೆ. ಇಷ್ಟು ಸಣ್ಣ ವಿಷಯ ತಿಳಿಯೋಕೆ ಇಲಿಗಳು ಬರಬೇಕಾಯ್ತು.

ಸ್ವಲ್ಪ ಕಾಲ ಬಿಟ್ಟು ಮತ್ತೆ ಅದೇ ನಾಟಕ ಎತ್ತಿಕೊಂಡೆವು. ಈ ಸಲ ಒಂದೇ ನಿಯಮ: ಮನೆಯಲ್ಲಿ ಎತ್ತಿಡಬೇಕಾದ ಯಾವ ಸಾಮಾನೂ ಇಲ್ಲ. ಹಾಕಿಕೊಂಡು ಬಂದ ಬಟ್ಟೆ, ಒಂದು ದುಪಟ್ಟಾ, ಅಷ್ಟೇ. ಇಲಿ ಹೇಗೆ ನಡೆಯುತ್ತೆ ಅಂತ ನಾನು ಹೇಳಿಕೊಡಲಿಲ್ಲ. ಶೆಡ್ಡಿನ ಬಾಗಿಲ ಸಂದಿಯಿಂದ ನೋಡಿ ಬನ್ನಿ ಅಂದೆ. ಒಂಬತ್ತು ವರ್ಷದ ಒಬ್ಬ ಹುಡುಗ, ಮಾತೇ ಆಡದವನು, ಬಂದು ಹೊಸ್ತಿಲ ಮುಂದೆ ಕುಕ್ಕರಗಾಲಲ್ಲಿ ಕೂತ. ಎರಡೂ ಮುಂಗೈ ಗಲ್ಲದ ಕೆಳಗೆ ತಂದ. ಮೂಗು ಮಾತ್ರ ಆಡಿಸಿದ. ಆಮೇಲೆ ಗೋಡೆ ಬಿಟ್ಟು ಕದಲದೆ, ಗೋಡೆಗೆ ಭುಜ ಸವರಿಕೊಂಡೇ ಇಡೀ ಹಜಾರ ಸುತ್ತಿ ಅಡುಗೆಮನೆ ಹೊಕ್ಕ. ಇಲಿ ಬಯಲಿಗೆ ಬರಲ್ಲ, ಗೋಡೆ ಹಿಡಿದೇ ಓಡುತ್ತೆ ಅನ್ನೋದು ನನಗೇ ಹೊಳೆದಿರಲಿಲ್ಲ. ಉಳಿದವರೆಲ್ಲ ಅವನ ಹಿಂದೆ ಸಾಲಾಗಿ ಹೋದರು. ನಮ್ಮ ನಾಟಕ ಶುರುವಾಗುತ್ತಿದ್ದುದೇ ಹಾಗೆ.

ಈಗ ನಿಮ್ಮ ಹಾಲ್ ವಿಷಯ. ಹಾಲ್ ಹಿಡಿದ ತಕ್ಷಣ ತಾರೀಕು ಗಟ್ಟಿಯಾಗುತ್ತೆ, ದುಡ್ಡು ಸಿಕ್ಕಿಹಾಕಿಕೊಳ್ಳುತ್ತೆ, ನಿಮಗೆ ಬಿಪಿ ಏರುತ್ತೆ. ಪೈಪ್ ಒಡೆಯೋದು ಮಾತ್ರ ನಿಲ್ಲಲ್ಲ. ಆಗ ನೀವು ಹಾಲ್‌ನಲ್ಲಿ ನಿಂತು ಪ್ಲಂಬರ್‌ಗೆ ಫೋನ್ ಮಾಡ್ತಿರ್ತೀರಿ, ಇಷ್ಟೇ ವ್ಯತ್ಯಾಸ. ಆ ದುಡ್ಡಿನಲ್ಲಿ ಮಕ್ಕಳನ್ನು ನಾಟಕ ನೋಡೋಕೆ ಕರೆದುಕೊಂಡು ಹೋಗಿ. ಜೆ.ಪಿ. ನಗರದ ರಂಗಶಂಕರಕ್ಕೆ ಹೋದರೆ ಅಲ್ಲಿ ತಡವಾಗಿ ಬಂದವರನ್ನು ಒಳಗೆ ಬಿಡಲ್ಲ. ಶಿಸ್ತು ಅಂತೀರಲ್ಲ, ಒಂದು ಸಲ ಬಾಗಿಲಾಚೆ ನಿಂತು ಬಂದರೆ ನಿಮ್ಮ ಭಾಷಣಕ್ಕಿಂತ ಜಾಸ್ತಿ ಕಲೀತಾರೆ. ನಮಗೆ ಇಲ್ಲಿ ಮೈಸೂರಿನಲ್ಲಿ ರಂಗಾಯಣ ಅನ್ನೋ ನಾಟಕ ಸಂಸ್ಥೆ ಇದೆ, 1989ರಲ್ಲಿ ಬಿ.ವಿ. ಕಾರಂತರು ಕಟ್ಟಿದ್ದು. ಬೇಸಿಗೆಯಲ್ಲಿ ಅಲ್ಲಿ ಚಿಣ್ಣರ ಮೇಳ ಅಂತ ಮಕ್ಕಳ ಶಿಬಿರ ನಡೆಯುತ್ತೆ, ನಮ್ಮ ಮಕ್ಕಳಲ್ಲಿ ಅರ್ಧ ಜನ ಅಲ್ಲೇ ಇರ್ತಾರೆ. ಹಾಗಾಗಿ ಏಪ್ರಿಲ್, ಮೇ ತಿಂಗಳಲ್ಲಿ ನಾವು ಏನೂ ಇಟ್ಟುಕೊಳ್ಳಲ್ಲ. ದೊಡ್ಡ ಮಕ್ಕಳು ಎನ್‌ಐಒಎಸ್ (ಶಾಲೆಗೆ ಹೋಗದೆಯೂ ಪರೀಕ್ಷೆ ಬರೆಯಬಹುದಾದ ರಾಷ್ಟ್ರೀಯ ಮುಕ್ತ ಶಾಲೆ) ಹತ್ತನೇ ತರಗತಿ ಕಟ್ಟಿದ್ದರೆ ಅವರ ಪರೀಕ್ಷೆಯೂ ಏಪ್ರಿಲ್–ಮೇನಲ್ಲಿ, ಇಲ್ಲವೇ ಅಕ್ಟೋಬರ್–ನವೆಂಬರ್‌ನಲ್ಲಿ. ಇದನ್ನು ನೋಡಿಕೊಂಡೇ ಆಟದ ದಿನ ಇಡಿ. ಆಗಸ್ಟ್ ಅಥವಾ ಫೆಬ್ರವರಿ ಒಳ್ಳೇದು.

ಮನೆಯ ರಗಳೆಗೆ ನಾನು ಕಂಡುಕೊಂಡ ಮದ್ದು ಇಷ್ಟೇ. ನಾನು ಎದ್ದು ಹೋದರೂ ರಿಹರ್ಸಲ್ ನಿಲ್ಲಬಾರದು. ಪ್ರತಿ ಮಾತೂ ಇಬ್ಬರಿಗೆ ಬರಬೇಕು. ಹದಿನಾಲ್ಕರ ಒಬ್ಬಳನ್ನು ಸೂತ್ರಧಾರಿ ಮಾಡಿದೆ, ಗ್ಯಾಸ್ ಖಾಲಿಯಾಗಲಿ, ಕರೆಂಟ್ ಹೋಗಲಿ, ಅವಳು ಮುಂದುವರಿಸಬೇಕು. ಅತ್ತೆಯವರು ಗಲಾಟೆ ಅಂತ ಮೊದಲು ಬೈಯುತ್ತಿದ್ದರು. ಅವರ ಕುರ್ಚಿಯನ್ನು ರೂಮಿನಿಂದ ಹಜಾರಕ್ಕೇ ತಂದು ಹಾಕಿದೆ. ಅವರೆಕಾಳು ಹಿದುಕುತ್ತಾ ಕೂತವರಿಗೆ ಇಡೀ ಪದ್ಯ ಬಾಯಿಪಾಠ ಆಯ್ತು. ಯಾರಾದರೂ ಮರೆತರೆ ಅಲ್ಲಿಂದಲೇ ಹೇಳಿಕೊಡುತ್ತಿದ್ದರು, ತಪ್ಪಿದರೆ ಅವರೆ ಸಿಪ್ಪೆ ಎಸೆಯುತ್ತಿದ್ದರು. ನಿಮ್ಮ ಮಾವನವರಿಗೂ ಇಂಥದೊಂದು ಕೆಲಸ ಕೊಟ್ಟು ನೋಡಿ. ಒಪ್ಪದಿದ್ದರೆ ಅವರ ನಿದ್ದೆ ಹೊತ್ತು ಬಿಟ್ಟು ಬೇರೆ ಹೊತ್ತಿಗೆ ಇಟ್ಟುಕೊಳ್ಳಿ. ಅದಕ್ಕೆ ಹಾಲ್ ಯಾಕೆ?

ಆಟ ಆಡಿದ್ದು ನಮ್ಮ ತಾರಸಿಯ ಮೇಲೆ, ಜಮಖಾನ ಹಾಸಿ. ನೋಡೋಕೆ ಬಂದವರು ಅಜ್ಜ ಅಜ್ಜಿಯರು, ಬೀದಿಯ ಮಕ್ಕಳು, ಆ ಪಕ್ಕದ ಮನೆಯವರು. ಚೆನ್ನಾಗಾಯ್ತು. ಕೊನೆಯ ಭಾಗ ಸ್ವಲ್ಪ ಎಳೆದಂತಾಯ್ತು, ಅದು ನನ್ನ ನಿರ್ದೇಶನ.

ನಿಮ್ಮ ಮಗಳಿಗೇ ಮುಖ್ಯ ಪಾತ್ರ ಕೊಡಬಹುದಾ ಅಂತ ಕೊನೆಯಲ್ಲಿ ಕೇಳಿದ್ದೀರಿ. ಮೊದಲ ನಾಟಕದಲ್ಲಂತೂ ಬೇಡ. ಮನೆ ನಿಮ್ಮದು, ನಿರ್ದೇಶನ ನಿಮ್ಮದು, ಕಾಫಿ ತಿಂಡಿ ನಿಮ್ಮದು, ಜೊತೆಗೆ ಜೋಗಿಯೂ ನಿಮ್ಮ ಮಗಳೇ ಆದರೆ ಉಳಿದ ಅಮ್ಮಂದಿರು ಬಾಯಿಬಿಟ್ಟು ಏನೂ ಅನ್ನಲ್ಲ, ಸುಮ್ನೆ ಬರೋದು ನಿಲ್ಲಿಸ್ತಾರೆ. ನನ್ನ ಮಗ ಊರ ಗೌಡನ ಪಾತ್ರ ಕೇಳಿದ್ದ, ನಾನು ಇಲಿ ಮಾಡಿದೆ. ಕೋಪ ಮಾಡಿಕೊಂಡು ಊಟಕ್ಕೂ ಕರೆಸಿಕೊಂಡ. ಕರೆಸಿಕೊಳ್ಳಲಿ ಬಿಡಿ. ಎರಡನೇ ನಾಟಕ ಬೇರೆಯವರ ಮನೆಯಲ್ಲಿ, ಬೇರೆಯವರ ನಿರ್ದೇಶನದಲ್ಲಿ ಆದರೆ, ಆಗ ಅವಳೇ ಹೋಗಿ ಕೇಳಲಿ.