ನಿಮ್ಮಪ್ಪನ ಹಾಡು ಸಾಕು, ನಿಮ್ಮ ಹಾಡು ಬರೆಯಿರಿ

ನಮಸ್ಕಾರ. ನೀವು ವಿಜಯಪುರದಿಂದ ಕಳಿಸಿದ ಹರಟೆ ತಲುಪಿದೆ, ಓದಿದ್ದೇನೆ. ಈಗಿರುವ ಹಾಗೆ ನಮ್ಮ ಮಾಸಪತ್ರಿಕೆಯಲ್ಲಿ ಹಾಕೋಕೆ ಆಗಲ್ಲ. "ಸ್ಥಳದ ಅಭಾವ" ಅಂತ ಒಂದು ಸಾಲು ಬರೆದು ಮುಗಿಸಬಹುದಿತ್ತು. ಆದರೆ ನಿಮ್ಮ ಬರಹದ ಮಧ್ಯೆ ಒಬ್ಬ ಮನುಷ್ಯ ಬಂದು ಹೋಗುತ್ತಾನೆ, ಮೂರೇ ಸಾಲು. ಅವನಿಗೋಸ್ಕರ ಈ ಉದ್ದ ಪತ್ರ. ಅವನ ವಿಷಯಕ್ಕೆ ಆಮೇಲೆ ಬರ್ತೀನಿ.

ಮೊದಲು ನೀವು ಬರೆದಿದ್ದನ್ನು ನಾನು ಹೇಗೆ ಓದಿಕೊಂಡೆ ಅಂತ ಹೇಳಿಬಿಡುತ್ತೇನೆ. ಭಾನುವಾರ ಸಂಜೆ, ಗಾಂಧಿ ಚೌಕದ ಹತ್ತಿರ ಒಂದು ಹೋಟೆಲು. ನಲವತ್ತೆಂಟರ ಆಸುಪಾಸಿನ ನಾಲ್ವರು ಗೆಳೆಯರು. ಒಬ್ಬ ಬ್ಯಾಂಕಿನವ, ಒಬ್ಬರು ಹೈಸ್ಕೂಲ್ ಮಾಸ್ತರು, ಒಬ್ಬ ಪುಣೆಯಲ್ಲಿ ಕೆಲಸ ಮಾಡಿ ರಜೆಗೆ ಬಂದವ, ಇನ್ನೊಬ್ಬ ಒಂದು ಕಾಲಕ್ಕೆ ಕ್ಯಾಸೆಟ್ ಅಂಗಡಿ ಇಟ್ಟಿದ್ದು ಈಗ ಮೊಬೈಲ್ ರಿಪೇರಿ ಮಾಡುವವ. ಸೈಗಲ್, ರಫಿ, ರಾಜಕುಮಾರ್, ಅಮೀರಬಾಯಿ ಅಂತ ಮಾತು ಸಾಗುತ್ತದೆ. ಕೊನೆಗೆ ಹಳೆಯ ಟಾಕೀಸು ಮುಚ್ಚಿದ್ದು ನೆನಪಾಗಿ ಎಲ್ಲರ ಕಣ್ಣು ತುಂಬುತ್ತದೆ. ಮುಗೀತು. ಭಾಷೆ ಶುದ್ಧವಾಗಿದೆ, ಕಾಗುಣಿತದ ತಪ್ಪು ಹುಡುಕಿದರೂ ಸಿಗಲಿಲ್ಲ. ನಮಗೆ ಬರುವ ಬರಹಗಳನ್ನು ನೋಡಿದರೆ ಇದೇ ದೊಡ್ಡ ಮಾತು.

ಈಗ ತಕರಾರು. ನಲವತ್ತೆಂಟು ವಯಸ್ಸು ಅಂದರೆ ಇವರೆಲ್ಲ ಹುಟ್ಟಿದ್ದು 1976-77ರ ಸುಮಾರಿಗೆ, ಅಲ್ವಾ? ನಿಮ್ಮ ಬ್ಯಾಂಕಿನವ 'ಬಂಗಾರದ ಮನುಷ್ಯ' ಬಿಡುಗಡೆಯಾದ ದಿನ ಮೊದಲ ಆಟಕ್ಕೆ ಸಾಲಿನಲ್ಲಿ ನಿಂತು ಲಾಠಿ ಏಟು ತಿಂದಿದ್ದನ್ನು ಒಂದು ಪುಟ ಹೇಳುತ್ತಾನೆ. ಆ ಸಿನಿಮಾ ಬಂದಿದ್ದು 1972ರಲ್ಲಿ. ಆಗ ಅವನು ಹುಟ್ಟೇ ಇರಲಿಲ್ಲ. ರಫಿ ತೀರಿಕೊಂಡಿದ್ದು 1980ರಲ್ಲಿ, ಆಗ ಇವರಿಗೆಲ್ಲ ಮೂರೋ ನಾಲ್ಕೋ ವರ್ಷ. ಆದರೂ ಮಾಸ್ತರು ಆ ಸುದ್ದಿ ಕೇಳಿ ಎರಡು ದಿನ ಊಟ ಬಿಟ್ಟಿದ್ದಾರೆ. ಸೈಗಲ್ ಅಂತೂ 1947ರಲ್ಲೇ ಹೋದರು, ಅವರ ಮಾತು ಬಿಡಿ.

ಇದು ಬರೀ ಇಸವಿಯ ತಪ್ಪಾಗಿದ್ದರೆ ನಾನೇ ತಿದ್ದಿಕೊಳ್ಳುತ್ತಿದ್ದೆ. ಆದರೆ ಇಡೀ ಬರಹವೇ ಹೀಗಿದೆ. ನಿಮ್ಮ ನಾಲ್ವರ ಬಾಯಲ್ಲಿ ಅವರ ಅಪ್ಪಂದಿರು ಕೂತು ಮಾತಾಡುತ್ತಿದ್ದಾರೆ. ಅಪ್ಪಂದಿರ ಸಿನಿಮಾ, ಅಪ್ಪಂದಿರ ಗಾಯಕರು, ಕೊನೆಗೆ "ಈಗಿನ ಹಾಡು ಹಾಡೇ ಅಲ್ಲ" ಅನ್ನುವ ಬೈಗುಳವೂ ಅಪ್ಪಂದಿರದ್ದೇ. ಹಾಗಾದರೆ ಇವರು ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ ಏನು ಕೇಳುತ್ತಿದ್ದರು? ಇಡೀ ಬರಹದಲ್ಲಿ ಅದಕ್ಕೆ ಒಂದು ಸಾಲೂ ಇಲ್ಲ.

ನಿಮಗೆ ಗೊತ್ತಿರುತ್ತದೆ, ಯಾಕೆಂದರೆ ನಿಮ್ಮ ಪತ್ರ ನೋಡಿದರೆ ನಿಮ್ಮ ವಯಸ್ಸೂ ಅಷ್ಟೇ. 1987ರಲ್ಲಿ 'ಪ್ರೇಮಲೋಕ' ಬಂತು. ಇವರಿಗೆ ಹತ್ತು ಹನ್ನೊಂದು ವರ್ಷ. ಪ್ರೇಮ ಅಂದರೆ ಏನು ಅಂತ ಗೊತ್ತಿಲ್ಲದ, ಆದರೆ ಹಂಸಲೇಖರ ಒಂದೊಂದು ಹಾಡೂ ಬಾಯಿಪಾಠ ಆಗುವ ವಯಸ್ಸು. ಚಾದಂಗಡಿಯಲ್ಲಿ ಅದೇ ಕ್ಯಾಸೆಟ್ಟು, ಮದುವೆ ಮನೆಯ ಮೈಕಿನಲ್ಲೂ ಅದೇ. ಆಮೇಲೆ 1990ರಲ್ಲಿ 'ಆಶಿಕಿ'. ಆಗ ಹದಿಮೂರು ಹದಿನಾಲ್ಕು. ವಿಜಯಪುರದ ಹುಡುಗರಿಗೆ ಹಿಂದಿ ಹಾಡು ದೂರದ್ದಲ್ಲ. ಸೋಲಾಪುರ ನೂರು ಕಿಲೋಮೀಟರು, ಊರಲ್ಲಿ ಎಷ್ಟೋ ಮಂದಿ ಮನೆಯಲ್ಲೂ ಬಜಾರಿನಲ್ಲೂ ಉರ್ದು-ಹಿಂದಿ ಆಡುವವರು. ಆ ವರ್ಷ ಕುಮಾರ್ ಸಾನು ದನಿ ಕೇಳದೆ ಸ್ಟೇಷನ್ ರೋಡ್ ದಾಟಿದವರು ಇದ್ದರೆ ಅವರಿಗೆ ಕಿವಿ ಇರಲಿಲ್ಲ ಅಂತಲೇ ಲೆಕ್ಕ. ಟಿವಿಯಲ್ಲಿ ಸಿನಿಮಾ ಹಾಡು ಹಾಕುವ ಚಿತ್ರಹಾರ್, ಚಿತ್ರಮಂಜರಿ. ಇವೆಲ್ಲ ನಿಮ್ಮ ಬರಹದಿಂದ ಎಲ್ಲಿಗೆ ಹೋದವು?

ಎಲ್ಲಿಗೆ ಹೋದವು ಅಂತ ನಾನೇ ಹೇಳ್ತೀನಿ. ನಾಚಿಕೆಗೆ ಬಚ್ಚಿಟ್ಟಿದ್ದೀರಿ. ಐವತ್ತರ ಹತ್ತಿರ ಬಂದ ಗಂಡಸರು ಒಂದು ಟೇಬಲ್ ಸುತ್ತ ಕೂತರೆ ಹಾಡಿನ ರುಚಿಯಲ್ಲೂ ಮೇಲು ಕೀಳು ನಡೆಯುತ್ತದೆ. ರಫಿ ಅಂದವ ದೊಡ್ಡವ, ಕುಮಾರ ಗಂಧರ್ವ ಅಂದವ ಅವನಿಗಿಂತ ದೊಡ್ಡವ, ಕುಮಾರ್ ಸಾನು ಅಂದವನನ್ನು ನೋಡಿ ಎಲ್ಲರೂ ನಗುತ್ತಾರೆ. ಹಾಗಾಗಿ ಯಾರೂ ಅನ್ನಲ್ಲ. ಆದರೆ ಮನೆಗೆ ಹೋಗುವಾಗ ಬೈಕಿನ ಮೇಲೆ ಒಬ್ಬೊಬ್ಬನೂ ಗುನುಗುವುದು ಅದನ್ನೇ. ನಿಮ್ಮ ಹರಟೆ ಇರೋದು ಇಲ್ಲಿ.

ರಫಿಯನ್ನು ತೆಗೆದುಹಾಕಿ ಅಂತ ನಾನು ಹೇಳ್ತಿಲ್ಲ. ಆದರೆ ಅವರು ಈ ಹುಡುಗರ ತನಕ ಬಂದ ದಾರಿ ತೋರಿಸಿ. ಅಮೀನ್ ಸಯಾನಿ ಅವರ ಹಿಂದಿ ಹಾಡಿನ ಕಾರ್ಯಕ್ರಮ ಗೀತಮಾಲಾ 1952ರಲ್ಲಿ ಸಿಲೋನ್ ರೇಡಿಯೋದಲ್ಲಿ ಶುರುವಾಗಿ 80ರ ದಶಕದ ಕೊನೆಯವರೆಗೂ ಅಲ್ಲೇ ನಡೀತು. ಇವರು ಚಿಕ್ಕವರಿದ್ದಾಗ ಕೇಳಿರಬಹುದು. ಆದರೆ ರೇಡಿಯೋದ ಕಿವಿ ಹಿಂಡುವ ಹಕ್ಕು ಅಪ್ಪನದ್ದು. ಅಪ್ಪ ಇಟ್ಟಿದ್ದನ್ನೇ ಕೇಳಬೇಕು, ಅಪ್ಪ ವಾರ್ತೆ ಹಾಕಿದರೆ ಹಾಡು ಬಂದ್. ಮಾಸ್ತರರಿಗೆ ರಫಿ ಅಂದರೆ ಪ್ರಾಣ ಅಂತ ಬರೆಯುವ ಬದಲು, ಅವರಪ್ಪ ರೇಡಿಯೋ ಮುಂದೆ ಹೇಗೆ ಕೂರುತ್ತಿದ್ದರು ಅಂತ ನಾಲ್ಕು ಸಾಲು ಬರೆಯಿರಿ. ರಾಜಕುಮಾರ್ ವಿಷಯವೂ ಅಷ್ಟೇ. ನಮ್ಮ ಕಡೆ ಅವರ ಹಳೆಯ ಸಿನಿಮಾಗಳು ಮತ್ತೆ ಮತ್ತೆ ಬರುತ್ತಿದ್ದವು. ಸವೆದ ರೀಲು, ಮಳೆ ಸುರಿದ ಹಾಗೆ ಗೆರೆಗಳು, ಮಧ್ಯದಲ್ಲಿ ಹಾಡೇ ಕತ್ತರಿಸಿಹೋಗಿರುತ್ತಿತ್ತು, ಜನ ಸೀಟಿ ಹೊಡೆದು ಆಪರೇಟರನ ಜನ್ಮ ಜಾಲಾಡುತ್ತಿದ್ದರು. ಮುಂದಿನ ಡೈಲಾಗ್ ಪರದೆಗಿಂತ ಮೊದಲು ಹಿಂದಿನ ಬೆಂಚಿನಿಂದ ಬರುತ್ತಿತ್ತು. ನಿಮ್ಮ ಬ್ಯಾಂಕಿನವ ನಿಜವಾಗಿ ನೋಡಿರುವುದು ಇದನ್ನು. ಲಾಠಿ ಏಟಿಗಿಂತ ಇದೇ ಚಂದ.

ಇನ್ನು ಅಮೀರಬಾಯಿ ಕರ್ನಾಟಕಿ ಬಗ್ಗೆ ನೀವು ಬರೆದ ಎರಡು ಪುಟ. ಮಾಹಿತಿ ಸರಿ ಇದೆ. ಬೀಳಗಿಯಲ್ಲಿ ಹುಟ್ಟಿದವರು, 1943ರ 'ಕಿಸ್ಮತ್'ನಲ್ಲಿ ಹಾಡಿದವರು, ಆ ಸಿನಿಮಾ ಕಲ್ಕತ್ತೆಯ ಒಂದೇ ಥಿಯೇಟರಿನಲ್ಲಿ ಮೂರು ವರ್ಷಕ್ಕೂ ಜಾಸ್ತಿ ಓಡಿತು, ಎಲ್ಲ ಹೌದು. ಆದರೆ ಇದನ್ನು ಪುಣೆಯಿಂದ ಬಂದವ ಮಿರ್ಚಿ ಭಜಿ ತಿನ್ನುತ್ತಾ ಒಂದೇ ಉಸಿರಿಗೆ ಹೇಳುತ್ತಾನೆ! ರಾಜ್ಯೋತ್ಸವದ ಭಾಷಣ ಕೇಳಿದ ಹಾಗಾಯಿತು. ವಿಜಯಪುರದ ಹುಡುಗನಿಗೆ ಅಮೀರ್ ಟಾಕೀಸ್ ಅಂದರೆ ಮೊದಲು ಸಿನಿಮಾ ನೋಡುವ ಜಾಗ. ಆ ಹೆಸರು ಯಾರದ್ದು ಅಂತ ಯಾರು ಕೇಳಿದ್ದರು? "ಯಾರೋ ಸಾವಕಾರ ಕಟ್ಟಿಸ್ಯಾನ ಅನ್ಕೊಂಡಿದ್ನಿ, ನಲವತ್ತು ವರ್ಷಾದ ಮ್ಯಾಲ ಗೊತ್ತಾತು" ಅಂತ ಒಬ್ಬ ಹೇಳಲಿ. ಮಾಸ್ತರು ಅದಕ್ಕೆ ಸ್ವಲ್ಪ ಸೇರಿಸಲಿ. ಉಳಿದದ್ದು ಬೇಕಾದರೆ ಅಮೀರಬಾಯಿ ಮೇಲೆ ಬೇರೆ ಲೇಖನವೇ ಬರೆದು ಕಳಿಸಿ, ಅದನ್ನು ಖುಷಿಯಿಂದ ಓದುತ್ತೇನೆ.

ಈಗ ಆ ಮೂರು ಸಾಲಿನ ಮನುಷ್ಯ. ಕ್ಯಾಸೆಟ್ ಅಂಗಡಿಯವ. ನೀವು ಅವನಿಗೆ ಚಾ ಆರ್ಡರ್ ಮಾಡುವ ಕೆಲಸ ಕೊಟ್ಟು ಕೂರಿಸಿದ್ದೀರಿ. ಸ್ವಾಮಿ, ಅಲ್ಲಿ ಕೂತ ನಾಲ್ವರಲ್ಲಿ ಎಲ್ಲರ ಗುಟ್ಟು ಗೊತ್ತಿರುವವ ಅವನೊಬ್ಬನೇ! ಆಗ ಹುಡುಗರು ಖಾಲಿ ಕ್ಯಾಸೆಟ್ಟು ತಂದು ಹಾಡಿನ ಪಟ್ಟಿ ಕೊಟ್ಟು ಹೋಗುತ್ತಿದ್ದರಲ್ಲ, ತುಂಬಿಸಿ ಕೊಡಲು. ಸಿ-90 ಅಂದರೆ ಒಂದು ಕಡೆಗೆ ನಲವತ್ತೈದು ನಿಮಿಷ. ಐದಾರು ನಿಮಿಷದ ಹಾಡು ಎಂಟು ಹಿಡಿಸುತ್ತಿತ್ತು, ಹುಡುಗರು ಹತ್ತು ಬರೆದಿರುತ್ತಿದ್ದರು. ಕೊನೆಯ ಹಾಡು ಪಲ್ಲವಿ ಮುಗಿಯುವಷ್ಟರಲ್ಲಿ ಟೇಪು ಮುಗಿಯುತ್ತಿತ್ತು. ಎರಡು ನಿಮಿಷ ಉಳಿದರೆ ಅಂಗಡಿಯವ ತನಗೆ ಇಷ್ಟವಾದ ಯಾವುದೋ ಹಾಡಿನ ತುಂಡು ತುರುಕುತ್ತಿದ್ದ. ಅದು ಎಷ್ಟೋ ಜನರಿಗೆ ಕೇಳಿ ಕೇಳಿ ಅವರದ್ದೇ ಹಾಡಾಗಿಬಿಟ್ಟಿತು. ಪಟ್ಟಿ ನೋಡಿಯೇ ಈ ಹುಡುಗನಿಗೆ ಈ ತಿಂಗಳು ಏನಾಗಿದೆ ಅಂತ ಅವನಿಗೆ ತಿಳಿಯುತ್ತಿತ್ತು. ಹೋದ ತಿಂಗಳು ಬರೀ ಕುಣಿಯುವ ಹಾಡು, ಈ ತಿಂಗಳು ಬರೀ ಅಳುವ ಹಾಡು ಅಂದರೆ ಇನ್ನೇನು?

ಇವನನ್ನು ಬಾಯಿ ಬಿಡಿಸಿ. ಬ್ಯಾಂಕಿನವ ರಫಿಯನ್ನು ಹೊಗಳುತ್ತಾ ಕೂತಿರುವಾಗ ಹೀಗೆ ಒಂದು ತುಣುಕು ಬಂದರೆ ಹೇಗಿರುತ್ತದೆ ನೋಡಿ (ನನ್ನದು ಬರೀ ಉದಾಹರಣೆ, ಇದನ್ನೇ ಇಟ್ಟುಕೊಳ್ಳಬೇಡಿ):

"ಏ, ಸುಮ್ ಕೂಡಲೇ. ರಫಿ ಅಂತ ರಫಿ! ನನ್ ಕಡೆ ಎರಡೂ ಸೈಡ್ ಕುಮಾರ್ ಸಾನು ತುಂಬಿಸ್ಕೊಂಡ್ ಹೋದಾಂವ ಯಾರು?"

"ಅದು ನಮ್ ತಮ್ಮಂದು."

"ತಮ್ಮಂದಿದ್ರ ಕಡೀ ಹಾಡು ಕಟ್ ಆಗೇದ ಅಂತ ಜಗಳಾ ತಗ್ಯಾಕ ನೀ ಯಾಕ ಬಂದಿದ್ದಿ?"

ಇಷ್ಟಾದ ಮೇಲೆ ಮಾಸ್ತರು ಹೆದರಬೇಕು. ಅವರ ಪಟ್ಟಿಯೂ ಇವನ ತಲೆಯಲ್ಲಿದೆ. ಅವರು ಮಾತು ತಿರುಗಿಸಿ ಕ್ರಿಕೆಟ್ ಕಡೆ ಹೋಗಬೇಕು, ಪುಣೆಯವ ಬಿಡಬಾರದು. ಆಗ ನಿಮ್ಮ ಟೇಬಲ್ಲಿಗೆ ಜೀವ ಬರುತ್ತದೆ. ಈಗ ನಿಮ್ಮ ನಾಲ್ವರೂ ಒಬ್ಬರ ಮಾತಿಗೆ ಒಬ್ಬರು "ಹೌದು ಹೌದು, ನಿಜ" ಅಂತ ತಲೆಯಾಡಿಸುತ್ತಾರೆ. ನಮ್ಮ ಕಡೆ ನಾಲ್ಕು ಜನ ಸಿನಿಮಾ ಬಗ್ಗೆ ಮಾತಾಡಿ ಜಗಳ ಆಗದೆ ಎದ್ದು ಹೋಗಿದ್ದನ್ನು ನೀವು ಎಲ್ಲಿ ನೋಡಿದಿರಿ?

ಜಗಳಕ್ಕೆ ಸಾಮಾನು ನಿಮ್ಮ ಬರಹದಲ್ಲೇ ಇದೆ, ನೀವು ಗಮನಿಸಿಲ್ಲ. "ಲತಾ ಮಂಗೇಶ್ಕರ್ ಕನ್ನಡದಲ್ಲಿ ಹಾಡಲೇ ಇಲ್ಲ" ಅಂತ ನಿರೂಪಕನ ಮಾತಾಗಿ ಬರೆದಿದ್ದೀರಿ. ಅದು ತಪ್ಪು. 1967ರ 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ'ದಲ್ಲಿ ಹಾಡಿದ್ದಾರೆ, ಲಕ್ಷ್ಮಣ ಬರ್ಲೇಕರ್ ಸಂಗೀತ. ಅದೂ ನಮ್ಮ ಬೆಳಗಾವಿ ಜಿಲ್ಲೆಯ ಸಂಗೊಳ್ಳಿಯ ಕಥೆಗೆ. ಹೀಗೆ ಬಿಟ್ಟರೆ ಓದುಗರು ನನಗೆ ಫೋನ್ ಮಾಡಿ ಬೈತಾರೆ. ಆದರೆ ಈ ತಪ್ಪನ್ನು ಅಳಿಸಬೇಡಿ, ಪುಣೆಯವನ ಬಾಯಿಗೆ ಹಾಕಿ. ಮಾಸ್ತರು ಐದುನೂರು ರೂಪಾಯಿ ಪಂಥ ಕಟ್ಟಲಿ. ಆಮೇಲೆ ನಿಜವಾದ ಸಮಸ್ಯೆ ಬರುತ್ತದೆ, ಎಲ್ಲರ ಜೇಬಿನಲ್ಲೂ ಮೊಬೈಲ್ ಇದೆ. ಮೊದಲು ಇಂಥ ಪಂಥ ವಾರಗಟ್ಟಲೆ ನಡೆಯುತ್ತಿತ್ತು, ಯಾರದ್ದೋ ಮನೆಯಲ್ಲಿ ಹಳೇ ಹಾಡಿನ ಪುಸ್ತಕ ಹುಡುಕಬೇಕಿತ್ತು. ಈಗ ಹತ್ತು ಸೆಕೆಂಡಿಗೆ ಉತ್ತರ ಬಂದು ಹರಟೆ ಸತ್ತುಹೋಗುತ್ತದೆ. ನಿಮ್ಮ ಇಡೀ ಬರಹದಲ್ಲಿ ಒಬ್ಬನೂ ಮೊಬೈಲ್ ತೆಗೆಯುವುದಿಲ್ಲ, ಅದನ್ನು ನಾನು ನಂಬಲ್ಲ. ಮೊಬೈಲ್ ರಿಪೇರಿ ಮಾಡುವವನೇ ಎಲ್ಲರ ಮೊಬೈಲೂ ಕಸಿದು ತನ್ನ ಮುಂದೆ ಇಟ್ಟುಕೊಂಡರೆ? ಯೋಚನೆ ಮಾಡಿ.

ಮಾತಿನ ವಿಷಯ ಜಾಸ್ತಿ ಎಳೆಯುವುದಿಲ್ಲ. ನಾಲ್ವರೂ ಸಂಪಾದಕೀಯ ಓದುವ ಹಾಗೆ ಮಾತಾಡುತ್ತಾರೆ. ಬಾಲ್ಯದ ಗೆಳೆಯರು "ಅವರ ಗಾಯನದಲ್ಲಿ ಅದ್ಭುತವಾದ ಮಾಧುರ್ಯವಿತ್ತು" ಅನ್ನಲ್ಲ. ಹಾಗಂತ ಪ್ರತಿ ಸಾಲಿಗೂ ಲೇ, ಮಗನ ಅಂತ ತುರುಕಿ ಕಾಮಿಡಿ ಶೋ ಮಾಡಲೂ ಬೇಡಿ, ಅದನ್ನು ಟಿವಿಯವರು ಸಾಕಷ್ಟು ಮಾಡಿದ್ದಾರೆ. ಮಾಸ್ತರು ಸ್ವಲ್ಪ ತೂಗಿ ಮಾತಾಡಲಿ, ಪುಣೆಯವನ ಮಾತಿನಲ್ಲಿ ಮರಾಠಿ ನುಸುಳಲಿ. ಮತ್ತೆ, ಗಾಂಧಿ ಚೌಕದ ಆ ಸಣ್ಣ ಹೋಟೆಲಿನಲ್ಲಿ ಇವರು ಫಿಲ್ಟರ್ ಕಾಫಿ ಕುಡಿಯುವುದು ಯಾವ ಊರಿನ ರೂಢಿ?

ಒಂದು ವಿಷಯ ಸಿಟ್ಟು ತರಿಸಿತು. ಬರಹದಲ್ಲಿ ಹೆಣ್ಣು ದನಿ ಅಂದರೆ ಮಾಸ್ತರರ ಹೆಂಡತಿಯ ಒಂದು ಫೋನು, ಅದೂ ಕೊತ್ತಂಬರಿ ತರೋಕೆ. ಅವರಿಗೂ ಹೆಚ್ಚುಕಡಿಮೆ ಇವರದ್ದೇ ವಯಸ್ಸಲ್ಲವೇ? ಅವರೂ 'ಪ್ರೇಮಲೋಕ'ದ ಹಾಡು ಕೇಳಿ ಬೆಳೆದವರು, ಚಿತ್ರಮಂಜರಿಗಾಗಿ ಬೇಗ ಬೇಗ ಭಾಂಡೆ ತಿಕ್ಕಿ ಮುಗಿಸಿದವರು. ಟಾಕೀಸುಗಳಲ್ಲಿ ಹೆಂಗಸರಿಗೆ ಬೇರೆ ಸಾಲು ಇರುತ್ತಿತ್ತು, ಅದು ಚಿಕ್ಕದಾಗಿರುತ್ತಿತ್ತು. ಟಿಕೆಟ್ ಸಿಗದ ಗಂಡು ಹುಡುಗರು "ಅಕ್ಕಾರ, ಎರಡು ನಮಗೂ ತಗೀರಿ" ಅಂತ ಅಲ್ಲಿ ಕೈ ಮುಗಿದು ನಿಲ್ಲುತ್ತಿದ್ದರು. ಆ ಕಡೆಯಿಂದ ಕಂಡ ಸಿನಿಮಾ ಲೋಕ ಬೇರೆಯೇ ಇದೆ. ಫೋನು ಬರಲಿ, ಆದರೆ ಸ್ಪೀಕರಿನಲ್ಲಿ ಬರಲಿ, ಪಂಥದ ಉತ್ತರ ಅವರೇ ಹೇಳಲಿ. ಮೊಬೈಲ್ ಕಸಿದ ಮೇಲೆ ಫೋನ್ ಹೇಗೆ ಎತ್ತುವುದು ಅಂತ ಕೇಳಬೇಡಿ, ಅದನ್ನು ಬಿಡಿಸುವುದು ನಿಮ್ಮ ಕೆಲಸ.

ಕೊನೆಯ ಪುಟ ಪೂರ್ತಿ ತೆಗೆಯಿರಿ. ಮುಚ್ಚಿದ ಟಾಕೀಸಿನ ಮುಂದೆ ಕಣ್ಣೀರು ಹಾಕುವ ಬರಹಗಳು ಬೆಳಗಾವಿ, ಬಾಗಲಕೋಟೆ, ಧಾರವಾಡ ಎಲ್ಲ ಕಡೆಯಿಂದ ನನಗೆ ಬರುತ್ತಲೇ ಇರುತ್ತವೆ, ಊರಿನ ಹೆಸರು ಬದಲಾಯಿಸಿದರೆ ಎಲ್ಲವೂ ಒಂದೇ. ನಡುವೆ ಇಡೀ ಹಾಡುಗಳನ್ನು ಇಳಿಸಿದ್ದೀರಲ್ಲ, ಅದೂ ಬೇಡ. ಇನ್ನೊಬ್ಬರ ಸಾಹಿತ್ಯ ನಾವು ಹಾಗೆ ಅಚ್ಚು ಹಾಕುವಂತಿಲ್ಲ, ಹಾಡು ಯಾವುದು ಅಂತ ಗೊತ್ತಾದರೆ ಓದುವವರೇ ಹಾಡಿಕೊಳ್ಳುತ್ತಾರೆ.

ಸಾವಿರದ ಐನೂರು ಪದ ದಾಟದ ಹಾಗೆ ಮತ್ತೆ ಬರೆದು ಕಳಿಸಿ, ಅವಸರವಿಲ್ಲ. ಕಳಿಸುವ ಮೊದಲು ಆ ಕ್ಯಾಸೆಟ್ ಅಂಗಡಿಯವನಂಥವರು ನಿಮ್ಮ ಊರಿನಲ್ಲಿ ಯಾರಾದರೂ ಇದ್ದರೆ ಒಂದು ಸಂಜೆ ಅವರ ಜೊತೆ ಕೂತು ಬನ್ನಿ. ಮತ್ತೆ ದಯವಿಟ್ಟು ಯೂನಿಕೋಡಿನಲ್ಲಿ ಕಳಿಸಿ. ಈ ಸಲ 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿ ಕಳಿಸಿದ ಫೈಲು ನಮ್ಮ ಕಂಪ್ಯೂಟರಿನಲ್ಲಿ ತೆರೆದಾಗ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿ, ಮೊದಲ ಎರಡು ಪುಟ ನಮ್ಮ ಡಿಟಿಪಿ ಹುಡುಗಿ ಕೂತು ಸರಿಮಾಡಿದಳು.