ಹತ್ತು ತಿಂಗಳ ನೌಕರಿ, ಅಪ್ಪನ ಬೈಪಾಸ್

"ಕೆಲಸಕ್ಕೆ ಸೇರಿ ಹತ್ತು ತಿಂಗಳು. ಮುಂದಿನ ತಿಂಗಳು ಮೈಸೂರಿನಲ್ಲಿ ಅಪ್ಪನಿಗೆ ಬೈಪಾಸ್. ಎಫ್‌ಎಂಎಲ್‌ಎ ಸಿಗುತ್ತಾ?" ಎಂದು ಕೇಳಿದ್ದೀರಿ. ಎಫ್‌ಎಂಎಲ್‌ಎ ಎಂದರೆ ಮನೆಯವರ ಆರೈಕೆಗೆ ಅಮೆರಿಕದ ಕಾಯ್ದೆ ಕೊಡುವ, ನೌಕರಿ ಉಳಿಯುವ 12 ವಾರದವರೆಗಿನ ಸಂಬಳವಿಲ್ಲದ ರಜೆ. ಅದು ಈಗಲೇ ಸಿಗುವುದಿಲ್ಲ, ಆದರೆ ದಾರಿ ಇದೆ.

ಅಮೆರಿಕದ 1993ರ ಈ ಕಾಯ್ದೆಗೆ ಮೂರು ಲೆಕ್ಕ: ಅದೇ ಕಂಪನಿಯಲ್ಲಿ 12 ತಿಂಗಳು, ರಜೆಗೆ ಹಿಂದಿನ 12 ತಿಂಗಳಲ್ಲಿ 1,250 ಗಂಟೆ ದುಡಿಮೆ, ನಿಮ್ಮ ಆಫೀಸಿನ 75 ಮೈಲಿಯೊಳಗೆ ಕಂಪನಿಯ 50 ನೌಕರರು. ಫುಲ್ ಟೈಮ್‌ನವರಿಗೆ ಗಂಟೆಯ ಚಿಂತೆಯಿಲ್ಲ. ಕನ್ಸಲ್ಟೆನ್ಸಿ ಮೂಲಕ ಸೇರಿದ್ದರೆ ಕೇಳಬೇಕಾದ್ದು ಕನ್ಸಲ್ಟೆನ್ಸಿಯನ್ನು. ಕ್ಲೈಂಟ್ ಮ್ಯಾನೇಜರ್ ಹೂಂ ಅಂದರೆ ಸಾಲದು.

ವರ್ಷ ತುಂಬುವವರೆಗೆ ಪಿಟಿಒ (ಕಂಪನಿ ಕೊಡುವ ಸಂಬಳಸಹಿತ ರಜೆ) ಅಥವಾ ಸಂಬಳವಿಲ್ಲದ ರಜೆ ಹಾಕಿ. ರಜೆಯಲ್ಲಿದ್ದಾಗಲೇ 12 ತಿಂಗಳು ತುಂಬಿದರೂ ಅಲ್ಲಿಂದಾಚೆಯ ದಿನಗಳಿಗೆ ಕಾಯ್ದೆಯ ರಕ್ಷಣೆ ಇದೆ. ಅದಕ್ಕೆ ಮೊದಲಿನ ದಿನಗಳು ಕಂಪನಿಯ ಮರ್ಜಿ, ಒಪ್ಪಿಗೆಯನ್ನು ಇಮೇಲ್‌ನಲ್ಲೇ ಪಡೆಯಿರಿ. ಮನೆಯಲ್ಲಿ ಬೇರೆ ಯಾರಾದರೂ ಆಪರೇಷನ್ ದಿನಕ್ಕೆ ಇದ್ದರೆ, ಡಿಸ್ಚಾರ್ಜ್ ನಂತರದ ಆರೈಕೆಗೆ ನೀವು ಹೋಗುವುದೂ ಆಗುತ್ತದೆ.

ಎಚ್‌ಆರ್‌ಗೆ 30 ದಿನ ಮೊದಲೇ ತಿಳಿಸಿ. ಅವರು ಡಬ್ಲ್ಯೂಎಚ್-380-ಎಫ್ ಫಾರಂ (ಮನೆಯವರ ಕಾಯಿಲೆಗೆ ಡಾಕ್ಟರು ತುಂಬಿಕೊಡುವ ಸರ್ಟಿಫಿಕೇಟು) ಕೊಟ್ಟರೆ 15 ದಿನದೊಳಗೆ ತುಂಬಿಸಿ ಕೊಡಬೇಕು. ಊರಿನ ಡಾಕ್ಟರ ಸರ್ಟಿಫಿಕೇಟನ್ನು ಕಂಪನಿ ಒಪ್ಪಲೇಬೇಕು. ಆದರೆ ನಮ್ಮ ಡಾಕ್ಟರು "ವಿಶ್ರಾಂತಿ ಬೇಕು" ಎಂದು ಒಂದು ಸಾಲು ಗೀಚಿ ಸೀಲು ಒತ್ತಿಬಿಡುತ್ತಾರಲ್ಲ, ಅಂಥದ್ದು ವಾಪಸ್ ಬರುತ್ತದೆ. ಯಾವತ್ತಿನಿಂದ, ಎಷ್ಟು ವಾರ, ಯಾವ ಆರೈಕೆ ಎಂಬುದನ್ನು ಪಕ್ಕದಲ್ಲೇ ಕೂತು ಬರೆಸಿಕೊಳ್ಳಿ.

ಅತ್ತೆ-ಮಾವ ಇದರಲ್ಲಿ ಸೇರುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿದ್ದರೆ ಅಲ್ಲಿನ ರಾಜ್ಯ ಕಾನೂನು ಸೇರಿಸುತ್ತದೆ.

ಯಾರೂ ಬಾಯಿಬಿಟ್ಟು ಹೇಳದ ಮಾತೊಂದಿದೆ, ಅಪಶಕುನ ಎನ್ನಬೇಡಿ. ಈ 12 ವಾರ ಆರೈಕೆಗೆ, ಉತ್ತರಕ್ರಿಯೆಗಲ್ಲ. ಹಿರಿಯರು ಹೋದರೆ ರಜೆಯ ಕಾರಣವೂ ಅವತ್ತಿಗೇ ಮುಗಿಯಿತು. ಹದಿಮೂರನೆಯ ದಿನದವರೆಗೆ ನಿಲ್ಲಲು ಕಂಪನಿಯ ದಯೆಯೇ ಗತಿ. ಅದಕ್ಕೆಂದು ಪಿಟಿಒ ಉಳಿಸೋಣವೆಂದರೆ, ಎಫ್‌ಎಂಎಲ್‌ಎ ಜೊತೆಗೇ ಅದನ್ನೂ ಕಳೆಯುವ ಹಕ್ಕು ಕಂಪನಿಗಿದೆ. ಆಮೇಲೆ ಬೇಕಾದೀತೆಂದು ರಜೆ ಕೂಡಿಟ್ಟು ಕೊನೆಗೆ ತಿಥಿಗೆ ಹೋಗಿ ಕೂತವರು ನಮ್ಮಲ್ಲಿ ಬಹಳ. ನಾನೂ ಅವರಲ್ಲೊಬ್ಬ.

ಸಂಬಳವಿಲ್ಲದಿದ್ದರೂ ಇನ್ಶೂರೆನ್ಸ್ ಮುಂದುವರಿಯುತ್ತದೆ, ನಿಮ್ಮ ಪಾಲಿನ ಪ್ರೀಮಿಯಂ 30 ದಿನಕ್ಕಿಂತ ತಡವಾಗದಿರಲಿ. ಹೊರಡುವ ಮುಂಚೆ ಪಾಸ್‌ಪೋರ್ಟಿನ ವೀಸಾ ಸ್ಟಾಂಪಿನ ಅವಧಿ ನೋಡಿ. ಅದಕ್ಕಾಗಿ ಊರಲ್ಲಿ ಸಿಕ್ಕಿಹಾಕಿಕೊಂಡರೆ 12 ವಾರದ ಗಡಿಯಾರ ನಿಮಗಾಗಿ ನಿಲ್ಲುವುದಿಲ್ಲ.