ಸಾಲ ತೀರಿಸ್ಲಾ, ಕುರಿ ತರ್ಲಾ?

ಪ್ರಶ್ನೆ: ಅಕ್ಕ, ನಮ್ದು ಶಿರಾ ಕಡೆ ಹಳ್ಳಿ. ಎರಡು ಎಕರೆ ಖುಷ್ಕಿ ಇದೆ, ಕಡ್ಲೇಕಾಯಿ ಹಾಕ್ತೀವಿ, ಮಳೆ ಬಂದ್ರೆ ಬೆಳೆ. ಗೃಹಲಕ್ಷ್ಮಿ ದುಡ್ಡು ಆದಷ್ಟು ಮುಟ್ಟದೆ ಇಟ್ಟು 26,000 ಮಾಡಿದೀನಿ. ಎರಡು ಹೆಣ್ಣುಮರಿ ತಂದು ಸಾಕೋಣ ಅಂತ ನಂಗಾಸೆ, ಮರಿಗೆ ಏಳೆಂಟು ಸಾವಿರ ಹೇಳ್ತಾರೆ. ನಮ್ಮನೆಯವ್ರು ಮೊದ್ಲು 20,000 ಕೈಸಾಲ ತೀರಿಸು ಅಂತಾರೆ, ಮೂರು ರೂಪಾಯಿ ಬಡ್ಡಿ ಅದು. ಮೈದ್ನ ಬೇರೆ ಬಿಟ್ಟಿ ದುಡ್ಡಲ್ಲಿ ಯಾರೂ ಉದ್ಧಾರ ಆಗಲ್ಲ, ಸೋಮಾರಿಗಳಾಗ್ತೀರ ಅಂತಾನೆ. ಏನ್ ಮಾಡ್ಲಿ?
– ಹೆಸರು ಬೇಡ, ಶಿರಾ ತಾಲ್ಲೂಕು

ಉತ್ತರ: ತಂಗಿ, ತಿಂಗಳಿಗೆ ಎರಡು ಸಾವಿರದಲ್ಲಿ 26,000 ಉಳಿಸಿದೀಯಲ್ಲ, ಅದನ್ನ ಓದಿ ತುಂಬಾ ಖುಷಿಯಾಯ್ತು. ನಿಮ್ಮನೆಯವ್ರು ಹೇಳೋದೇ ಸರಿ ಅನ್ಸುತ್ತೆ ನಂಗೆ. ಲೆಕ್ಕ ನೋಡು, 20,000ಕ್ಕೆ ಮೂರು ರೂಪಾಯಿ ಬಡ್ಡಿ ಅಂದ್ರೆ ತಿಂಗಳಿಗೆ 600, ವರ್ಷಕ್ಕೆ 7,200, ಅಂದ್ರೆ ನೀನೇ ಹೇಳಿರೋ ರೇಟಲ್ಲಿ ಪ್ರತಿ ವರ್ಷ ಒಂದು ಮರಿ ಸಾಲ ಕೊಟ್ಟೋರ ಮನೆಗೆ ಹೋಗ್ತಿದೆ. ಸಾಲ ಪೂರ್ತಿ ತೀರಿಸ್ಬಿಡು, ಪ್ರೋನೋಟ್ ಇದ್ರೆ ಕೈಯಾರೆ ವಾಪಸ್ ಇಸ್ಕೋ. ಉಳಿದ 6,000 ಬ್ಯಾಂಕಲ್ಲೇ ಇರ್ಲಿ, ಯಾಕಂದ್ರೆ ಗೃಹಲಕ್ಷ್ಮಿ ದುಡ್ಡು ಎರಡು ಮೂರು ತಿಂಗಳು ನಿಂತು ಆಮೇಲೆ ಬಂದಿದ್ದೂ ಇದೆ, ಅಂಥ ಟೈಮಲ್ಲಿ ಯಾರಿಗಾದ್ರೂ ಜ್ವರ ಬಂದ್ರೆ ಮತ್ತೆ ಅದೇ ಬಾಗಿಲಿಗೆ ಹೋಗ್ಬೇಕಾಗುತ್ತೆ. ಬಡ್ಡಿ ಉಳಿದಿದ್ದು ಸೇರಿ ತಿಂಗಳಿಗೆ 2,600 ಎತ್ತಿಟ್ರೆ ಮೂರ್ನಾಲ್ಕು ತಿಂಗಳಿಗೆ ಮೊದಲ ಮರಿ ಬರುತ್ತೆ, ಅದು ಸಾಲದ ನೆರಳಿಲ್ದೆ ಬರೋ ಮರಿ.

ಕೈಯಲ್ಲಿ ನಾಲ್ಕು ಕಾಸಿದ್ರೆ ಏನಾಗುತ್ತೆ ಅನ್ನೋದು ನಂಗೆ ನಮ್ಮಮ್ಮನಿಂದ ಗೊತ್ತು. ಕಡ್ಲೇಕಾಯಿ ಕಿತ್ತ ವಾರಕ್ಕೇ ವ್ಯಾಪಾರಿ ತಕ್ಕಡಿ ತಗೊಂಡು ಕಣಕ್ಕೆ ಬರ್ತಿದ್ದ, ಮುಂಗಡ ಕೊಟ್ಟಿರ್ತಿದ್ನಲ್ಲ, ಅವ್ನು ಹೇಳಿದ್ದೇ ರೇಟು. ಒಂದ್ ವರ್ಷ ಅಮ್ಮ ಬಿತ್ತನೆಗೆ ಅಂತ ಮಂಚದ ಕೆಳಗೆ ಇಟ್ಟಿದ್ದ ಮೂಟೆನೂ ಎಳೆದು ತೂಕಕ್ಕೆ ಹಾಕಿದ್ಲು. ಮುಂಗಾರಿಗೆ ಅದೇ ಬೀಜ ದುಬಾರಿ ಕೊಟ್ಟು ತಂದ್ವಿ, ಅದೂ ಸಾಲ ಮಾಡಿ. ಆಗ ತಿಂಗಳು ತಿಂಗಳು ಅವಳ ಅಕೌಂಟಿಗೇ ಏನಾದ್ರೂ ಬರ್ತಿದ್ರೆ ಆ ಮೂಟೆ ಮಂಚದ ಕೆಳಗೇ ಇರ್ತಿತ್ತು.

ಮೈದ್ನನ ಮಾತಿಗೆ ಬರ್ತೀನಿ. 2011ರಲ್ಲಿ ಮಧ್ಯಪ್ರದೇಶದಲ್ಲಿ ಸೇವಾ ಅನ್ನೋ ಮಹಿಳಾ ಸಂಘಟನೆ ಎಂಟು ಹಳ್ಳಿಗಳ ಎಲ್ಲರಿಗೂ, ಬಡವ್ರು ಇದ್ದೋರು ಅಂತ ನೋಡದೆ, ದೊಡ್ಡೋರಿಗೆ ತಿಂಗಳಿಗೆ 200, ಮಕ್ಕಳಿಗೆ 100 ಕೊಟ್ಟು ನೋಡ್ತು, ಆಮೇಲೆ 300, 150 ಮಾಡ್ತು. ದುಡ್ಡು ಸಿಗದ ಹಳ್ಳಿಗಳ ಜೊತೆ ಹೋಲಿಸಿದ್ರೆ ಇಲ್ಲಿ ಕುಡಿತ ಜಾಸ್ತಿ ಆಗಿರ್ಲಿಲ್ಲ, ಜನ ಬೀಜ ಗೊಬ್ಬರ ತಂದ್ರು, ಆಡು ಕೋಳಿ ಕೊಂಡ್ರು, ಕೂಲಿ ಕಮ್ಮಿ ಮಾಡಿ ಸ್ವಂತ ಹೊಲದಲ್ಲಿ ಹೆಚ್ಚು ದುಡಿದ್ರು. ಕೂಲಿಗೆ ಹೋಗೋದು ಕಮ್ಮಿ ಮಾಡಿದೋರನ್ನ ಸೋಮಾರಿ ಅನ್ನೋದು ಸುಲಭ, ಅವ್ರು ತಮ್ಮ ಹೊಲದಲ್ಲಿ ಬೆಳಗಿಂದ ಬಗ್ಗಿರೋದು ಯಾರ ಕಣ್ಣಿಗೂ ಬೀಳಲ್ಲ. ಈ ಮಾತು ನಂಗೆ ನಿಜವಾಗ್ಲೂ ನೋವು ಕೊಡುತ್ತೆ, ಅದಕ್ಕೇ ಇಷ್ಟು ಬರೆದೆ.

ಇನ್ನೊಂದು ವಿಷ್ಯ, 2023ರ ಆಗಸ್ಟ್‌ನಲ್ಲಿ ಮೈಸೂರಲ್ಲಿ ಶುರುವಾದ ಈ ಗೃಹಲಕ್ಷ್ಮಿ ಯೋಜನೆ ದುಡ್ಡು ಮನೆ ಯಜಮಾನಿ ಹೆಸರಿಗೇ ಬರುತ್ತೆ, ಹಾಗಾಗಿ ಪಾಸ್‌ಬುಕ್ಕು ಎಟಿಎಂ ಕಾರ್ಡು ನಿನ್ನತ್ರಾನೇ ಇರ್ಲಿ, ಖರ್ಚು ಬೇಕಾದ್ರೆ ಇಬ್ರೂ ಕೂತು ಮಾತಾಡಿ ಮಾಡಿ.

ಮರಿ ತಂದ ಮೇಲೆ ಪಶು ಆಸ್ಪತ್ರೆಗೆ ಹೋಗಿ ಪಿಪಿಆರ್ ಅನ್ನೋ ಕುರಿ ರೋಗದ ಲಸಿಕೆ ಹಾಕಿಸು. ಕುರಿ ಸತ್ರೆ ಪರಿಹಾರಕ್ಕೆ ಅನುಗ್ರಹ ಯೋಜನೆ ಇದೆ, ಆದ್ರೆ ಹೂತುಹಾಕೋ ಮುಂಚೆ ಡಾಕ್ಟ್ರನ್ನ ಕರೆಸ್ಬೇಕು, ತುಂಬಾ ಜನ ಇದ್ರಲ್ಲೇ ತಪ್ಪೋದು. ಮತ್ತೆ ಸಂತೆಗೆ ಒಬ್ಳೇ ಹೋಗ್ಬೇಡ, ಹಲ್ಲು ನೋಡಿ ವಯಸ್ಸು ಹೇಳೋರು ನಿಮ್ಮೂರಲ್ಲಿ ಇದ್ದೇ ಇರ್ತಾರೆ, ಅವ್ರನ್ನ ಜೊತೆಗೆ ಕರ್ಕೊಂಡು ಹೋಗು.